ಕಾಡು ತುಂಬಿದ ಪಾಳು ಮನೆಯನ್ನು ಚಿತ್ರಿಸುವುದು ಹೇಗೆ? ಕಾಸರಗೋಡಿನ ಗುಡ್ಡೆ, ಬನ, ಹಳೇ ತೋಟಗಳಲ್ಲಿ ಕೂತು ಚಿತ್ರ ಬಿಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಬದಿಯಡ್ಕದಿಂದ ಪೆರ್ಲದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ರಬ್ಬರು, ಅಡಿಕೆ, ಗೇರು ಎಲ್ಲ ಸಾಲಾಗಿ ಹಿಂದಕ್ಕೆ ಓಡುತ್ತವೆ. ನಡುವೆ ಒಂದು ಕಡೆ ಸಾಲು ತಪ್ಪುತ್ತದೆ. ಕಾಡುಬಳ್ಳಿಗಳ ಮಧ್ಯೆ ನಾಲ್ಕೇ ನಾಲ್ಕು ಅಡಿಕೆ ಮರ ತಲೆ ಎತ್ತಿ ನಿಂತಿರುತ್ತವೆ. ಅವುಗಳ ಕೆಳಗೆ ಎಲ್ಲೋ ಒಂದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆ. ಮನೆಯವರು ಮಂಗಳೂರಿಗೋ ಬೆಂಗಳೂರಿಗೋ ಗಲ್ಫಿಗೋ ಹೋಗಿ ವರ್ಷಗಳಾಗಿವೆ.

ನಾನು ಹನ್ನೆರಡು ವರ್ಷಗಳಿಂದ ಇಂಥ ಜಾಗಗಳನ್ನೇ ಚಿತ್ರಿಸುತ್ತಿದ್ದೇನೆ. ಶುರುವಿನಲ್ಲಿ ಎಲ್ಲ ಚಿತ್ರಗಳೂ ಒಂದೇ ಥರ ಬರುತ್ತಿದ್ದವು. ಬಿದ್ದ ಗೋಡೆ, ಅದರ ಮೇಲೆ ಹಸಿರು, ಒಟ್ಟಿನಲ್ಲಿ ಒಂದು ಬೇಸರ. ಅದು ಯಾವ ಊರಿನ ಮನೆಯೂ ಆಗಬಹುದಿತ್ತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಕಾಡಿನೊಳಗೆ ಮನುಷ್ಯ ಎಳೆದ ನೇರ ಗೆರೆ ಎಲ್ಲಿದೆ ಅಂತ ಮೊದಲು ಹುಡುಕುವುದು. ಗೋಡೆಯ ಅಂಚು, ಮೆಟ್ಟಿಲು, ಅಂಗಳದ ಸಮತಟ್ಟು, ಅಡಿಕೆಯ ಸಾಲು. ಕಾಡು ತಾನಾಗಿ ನೇರ ಗೆರೆ ಎಳೆಯುವುದು ಅಪರೂಪ. ಆ ಗೆರೆಯನ್ನು ಕಾಡು ಎಲ್ಲಿಂದ, ಹೇಗೆ ತಿನ್ನುತ್ತಾ ಬಂದಿದೆ ಅಂತ ಗೊತ್ತಾದರೆ ಚಿತ್ರಕ್ಕೆ ಬೇಕಾದದ್ದು ಸಿಕ್ಕಿದ ಹಾಗೆ.

ಜಾಗ ಹುಡುಕುವುದು

ಹೊಸಬರು ಕೋಟೆಯಿಂದ ಶುರು ಮಾಡಿ. ನಮ್ಮ ಜಿಲ್ಲೆಯಲ್ಲಿ ಕೆಳದಿ ನಾಯಕರ ಕಾಲದ ಮುರಕಲ್ಲಿನ ಕೋಟೆಗಳಿವೆ. ಬೇಕಲ ದೊಡ್ಡದು, ಜನ ಜಾಸ್ತಿ. ಆದರೆ ಅಲ್ಲಿ ನೆಲ ಚೊಕ್ಕವಾಗಿದೆ, ಗೋಡೆಗಳು ಗಟ್ಟಿಯಾಗಿವೆ, ಕೂತು ಅಭ್ಯಾಸ ಮಾಡಲು ಸುಲಭ. ಕುಂಬಳೆ ಹತ್ತಿರದ ಆರಿಕ್ಕಾಡಿ ಕೋಟೆ ಮತ್ತು ಪಯಸ್ವಿನಿ ದಂಡೆಯ ಚಂದ್ರಗಿರಿ ಕೋಟೆ ಚಿಕ್ಕವು. ಗೋಡೆಗೂ ಗಿಡಕ್ಕೂ ಇರುವ ಜಗಳ ಅಲ್ಲಿ ಹತ್ತಿರದಿಂದ ಕಾಣುತ್ತದೆ. ಚಂದ್ರಗಿರಿಯ ಮೇಲೆ ನಿಂತರೆ ಕೆಳಗೆ ಹೊಳೆ, ತೆಂಗು, ಆಚೆ ಕಡಲು. ಆ ನೋಟಕ್ಕೆ ಮನಸ್ಸು ಸೋಲುತ್ತದೆ. ಮೊದಲ ದಿನ ಹೊಳೆಗೆ ಬೆನ್ನು ಹಾಕಿ, ಗೋಡೆಯ ಒಂದು ಮೂಲೆಯನ್ನಷ್ಟೇ ತೆಗೆದುಕೊಳ್ಳಿ.

ನಂತರ ಮನೆಗಳು. ಪಾಳು ಮನೆ ಅಂದರೆ ಯಾರದ್ದೂ ಅಲ್ಲದ ಮನೆ ಅಂತ ಅಲ್ಲ. ವಾರಸುದಾರರು ಹತ್ತು ಜನ ಇರಬಹುದು, ಕೋರ್ಟಿನಲ್ಲಿ ಕೇಸು ನಡೆಯುತ್ತಿರಬಹುದು. ಹತ್ತಿರದ ಮನೆಯಲ್ಲಿ ಕೇಳಿ, ಫೋನು ಮಾಡಿಸಿ, ಒಪ್ಪಿಗೆ ಪಡೆದೇ ಒಳಗೆ ಹೋಗಿ. ನಾನು ಸ್ಕೆಚ್ ಪುಸ್ತಕ ಬಿಚ್ಚಿ ಹಳೇ ಚಿತ್ರಗಳನ್ನು ತೋರಿಸುತ್ತೇನೆ. ಬೇರೆ ಯಾವ ಪರಿಚಯವೂ ಬೇಡವಾಗುತ್ತದೆ.

ನಾಗಬನ, ಕಾವು ಅಂದರೆ ದೇವರ ಕಾಡುಗಳಲ್ಲಿ ಇನ್ನೂ ಜಾಗ್ರತೆ ಬೇಕು. ಈ ಬದಿಯ ಹಳೆಯ ಕಾಡು ಅಂತ ಉಳಿದಿರುವುದು ಎಷ್ಟೋ ಕಡೆ ಬನಗಳಲ್ಲೇ. ಹೊನ್ನೆ, ಹಾಲೆ, ಗೋಳಿ, ಹಾವಿನ ಹಾಗೆ ಸುತ್ತಿಕೊಂಡ ದಪ್ಪ ಬಳ್ಳಿಗಳು. ಹೊರಗಿನ ಅಂಚಿನಲ್ಲಿ ಕೂತು ಬಿಡಿಸಿ. ನಾಗನ ಕಲ್ಲಿನ ಹತ್ತಿರ ಹೋಗುವುದು ಬೇಡ. ಬನಕ್ಕೆ ನಡೆದುಕೊಳ್ಳುವ ಮನೆಯವರು ಏನು ಹೇಳುತ್ತಾರೋ ಅದೇ ಕೊನೆ ಮಾತು.

ಎಣ್ಮಕಜೆ ಕಡೆಯ ಗೇರು ತೋಟಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಈ ಜಿಲ್ಲೆಯ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಆ ಗುಡ್ಡೆಗಳ ಬುಡದಲ್ಲಿ ಕಾಯಿಲೆಯ ಮಕ್ಕಳನ್ನು ಸಾಕುತ್ತಿರುವ ಮನೆಗಳು ಇವತ್ತೂ ಇವೆ. ಅಲ್ಲಿನ ಹಳೇ ಗೇರು ಮರ ನೋಡಲು ಬಹಳ ಚಂದ. ಕೊಂಬೆಗಳು ನೆಲಕ್ಕೆ ಬಾಗಿ, ಮತ್ತೆ ಮೇಲೆದ್ದು, ಮೊಣಕೈ ಊರಿದ ಹಾಗೆ ಇರುತ್ತವೆ. ಅದನ್ನು ಬಿಡಿಸಿ. ಆದರೆ ಭೂತದ ಸಿನಿಮಾದ ಹಾಗೆ ಕಪ್ಪು ಮೋಡ ತುಂಬಿ, ಭಯ ಹುಟ್ಟಿಸಲು ಬಳಸಬೇಡಿ. ಇದು ಜನ ಬದುಕುತ್ತಿರುವ ಜಾಗ.

ಕಾಲಿನ ಕೆಳಗೆ ಏನಿದೆ

ಚಿತ್ರಕ್ಕಿಂತ ಮೊದಲು ಇದು. ಹಳೇ ಮನೆಯ ಹಿತ್ತಲಲ್ಲಿ ದಂಡೆ ಇಲ್ಲದ ಬಾವಿ ಇರುತ್ತದೆ. ಅದರ ಮೇಲೆ ಬಳ್ಳಿ ಹಬ್ಬಿದರೆ ನೆಲವೇ ಅನ್ನಿಸುತ್ತದೆ. ಕೋಲಿನಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬೇಡಿ. ಮುರಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರುತ್ತದೆ. ಕಡಿದರೆ ಮದ್ದು, ಮಂತ್ರ ಅಂತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. ಬಿರುಕು ಬಿಟ್ಟ ಗೋಡೆಯ ಎತ್ತರ ಎಷ್ಟಿದೆಯೋ ಅದಕ್ಕಿಂತ ದೂರ ಕೂರಿ. ಬೂಟು, ಉದ್ದ ಪ್ಯಾಂಟು, ನೀರು, ಜೊತೆಗೆ ಒಬ್ಬರು. ತಲೆಗೆ ನಾನು ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಳ್ಳುತ್ತೇನೆ. ಬಿಸಿಲಿಗೂ ಆಗುತ್ತದೆ, ಮರದಿಂದ ಬೀಳುವ ಇರುವೆಗೂ ಆಗುತ್ತದೆ.

ಸುರಂಗ ಕಂಡರೆ ಬಾಯಿಯ ಹೊರಗೆ ನಿಂತು ಚಿತ್ರಿಸಿ. ಗುಡ್ಡೆಯ ಮುರಕಲ್ಲನ್ನು ಪಿಕ್ಕಾಸಿಯಿಂದ ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನಡೆಯುವಷ್ಟೇ ಜಾಗ ಮಾಡಿ, ನೀರು ತಾನಾಗಿ ಹೊರಗೆ ಹರಿಯುವಂತೆ ಮಾಡಿದ ವ್ಯವಸ್ಥೆ ಅದು. ಬಳಕೆ ನಿಂತ ಸುರಂಗದ ಒಳಗೆ ಮಣ್ಣು ಕುಸಿಯುತ್ತದೆ, ಗಾಳಿಯೂ ಕಡಿಮೆ.

ಸಾಮಾನು

ಜಾಸ್ತಿ ಬೇಡ. 2ಬಿ, 4ಬಿ, 6ಬಿ ಪೆನ್ಸಿಲ್. ಇದ್ದಿಲಿನ ಕಡ್ಡಿ. ಹಿಟ್ಟಿನ ಹಾಗೆ ನಾದಿಕೊಳ್ಳುವ ರಬ್ಬರು. ಜಲವರ್ಣದಲ್ಲಿ ಆರು ಬಣ್ಣ: ಯೆಲ್ಲೋ ಓಕರ್, ನಿಂಬೆ ಹಳದಿ, ಬರ್ಂಟ್ ಸಿಯೆನ್ನಾ, ಇಂಡಿಯನ್ ರೆಡ್, ಅಲ್ಟ್ರಾಮರೀನ್, ಬರ್ಂಟ್ ಅಂಬರ್. ಟ್ಯೂಬಿನ ಹಸಿರು ಬೇಡ, ಕಾರಣ ಮುಂದೆ ಹೇಳುತ್ತೇನೆ. ಒಂದು ದಪ್ಪ ಬ್ರಶ್ಶು, ಒಂದು ನಡು ಗಾತ್ರದ್ದು, ಒಂದು ಹಳೇ ಕೆದರಿದ ಬ್ರಶ್ಶು.

ಕಾಗದದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. 300 ಜಿಎಸ್‌ಎಂ ಅಂತ ಬರೆದದ್ದನ್ನು ನೋಡಿ ಒಂದು ಅಂಗಡಿಯಿಂದ ದೊಡ್ಡ ಕಟ್ಟು ತಂದಿದ್ದೆ. ಎರಡನೇ ಸಲ ಬಣ್ಣ ಹಚ್ಚುವಾಗಲೇ ಕಾಗದ ಹತ್ತಿಯ ಹಾಗೆ ಎದ್ದು ಬಂತು. 300 ಅನ್ನುವುದು ತೂಕದ ಲೆಕ್ಕ ಅಷ್ಟೆ. ಒಳಗೆ ಮರದ ತಿರುಳಿದೆಯೋ ಹತ್ತಿ ಇದೆಯೋ ಅನ್ನುವುದು ಬೇರೆ ವಿಷಯ. ನೂರಕ್ಕೆ ನೂರು ಹತ್ತಿ ಅಂತ ಬರೆದಿರಬೇಕು. ಕಾಡಿಗೆ ಬಣ್ಣ ಪದರ ಪದರವಾಗಿ ಹಚ್ಚಬೇಕಾಗುತ್ತದೆ. ಮರದ ತಿರುಳಿನ ಕಾಗದ ಅಷ್ಟನ್ನು ತಡೆಯುವುದು ಕಷ್ಟ.

ಇದ್ದಿಲು ಮನೆಯಲ್ಲೇ ಮಾಡಬಹುದು. ಪೆನ್ಸಿಲ್ ದಪ್ಪದ ದಾಸವಾಳದ ಕಡ್ಡಿಗಳ ಸಿಪ್ಪೆ ತೆಗೆದು ಒಣಗಿಸಿ. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ, ಒಲೆಯ ಕೆಂಡದಲ್ಲಿ ಇಡಿ. ತೂತಿನಿಂದ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಹೊರಗೆ ತೆಗೆಯಿರಿ. ತಣ್ಣಗಾಗುವವರೆಗೆ ಮುಚ್ಚಳ ತೆರೆಯಬೇಡಿ. ಬಿಸಿ ಇರುವಾಗ ಗಾಳಿ ತಾಗಿದರೆ ಕಡ್ಡಿ ಹೊತ್ತಿಕೊಂಡು ಬೂದಿಯಾಗುತ್ತದೆ.

ಮೊದಲ ಅರ್ಧ ಗಂಟೆ: ಪೆನ್ಸಿಲ್ ಮುಟ್ಟಬೇಡಿ

ಸುಮ್ನೆ ಕೂರಿ, ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ಮೊದಲು ಸಮತಟ್ಟು ಹುಡುಕಿ. ಗುಡ್ಡೆಯ ಇಳಿಜಾರಿನಲ್ಲಿ ಎಲ್ಲಿ ನೆಲ ಚಪ್ಪಟೆ ಇದೆಯೋ ಅಲ್ಲಿ ಅಂಗಳ ಇತ್ತು. ಅಡಿಕೆ ಒಣಗಿಸಿ, ಸೆಗಣಿ ಸಾರಿಸಿ, ವರ್ಷಗಟ್ಟಲೆ ತುಳಿದ ನೆಲ. ಅಲ್ಲಿ ಗಿಡ ಬೇಗ ಬೇರು ಬಿಡುವುದಿಲ್ಲ. ಸುತ್ತ ಕಾಡು ಎತ್ತರವಾಗಿದ್ದರೂ ಅಂಗಳದಲ್ಲಿ ಹುಲ್ಲು, ನಾಚಿಕೆ ಮುಳ್ಳು ಮಾತ್ರ ಇರುತ್ತದೆ. ಅದರ ನಡುವೆ ತುಳಸಿಕಟ್ಟೆ. ತುಳಸಿ ಹೋಗಿ, ಅದರಲ್ಲಿ ಜರಿಗಿಡವೋ ಅಶ್ವತ್ಥದ ಸಸಿಯೋ ಬಂದಿರುತ್ತದೆ. ಹಕ್ಕಿ ಹಿಕ್ಕೆ ಹಾಕಿದ ಕಡೆ ಆಲ, ಅಶ್ವತ್ಥ, ಗೋಳಿ ಹುಟ್ಟುತ್ತವೆ. ಗೋಡೆ ಒಡೆಯುವವರಲ್ಲಿ ಇವುಗಳೇ ಮೊದಲು.

ಆಮೇಲೆ ಮನೆಯವರು ನೆಟ್ಟ ಗಿಡಗಳನ್ನು ಗುರುತಿಸಿ. ದಾಸವಾಳ, ನಂದಬಟ್ಟಲು, ಕರಿಬೇವು, ಮನೆ ಹಿಂದಿನ ಹಲಸು. ಕಾಡಿನೊಳಗೆ ನಂದಬಟ್ಟಲು ಬಿಳಿಯಾಗಿ ಹೂ ಬಿಟ್ಟಿದ್ದರೆ ಅಲ್ಲಿ ಯಾರೋ ಬೆಳಿಗ್ಗೆ ದೇವರಿಗೆ ಹೂ ಕೊಯ್ಯುತ್ತಿದ್ದರು ಅಂತ ಲೆಕ್ಕ. ಅದಕ್ಕೂ ತಾನಾಗಿ ಹಬ್ಬುವ ಕಳೆಯಾದ ಕಮ್ಯುನಿಸ್ಟ್ ಗಿಡಕ್ಕೂ ಒಂದೇ ಹಸಿರು ಬಳಿದರೆ ಈ ಸಂಗತಿಯೇ ಚಿತ್ರದಲ್ಲಿ ಇಲ್ಲವಾಗುತ್ತದೆ ಅಲ್ವಾ?

ಮನೆ ಹೇಗೆ ಬಿತ್ತು ಅಂತಲೂ ಓದಬಹುದು. ಒಂದು ಹಂಚು ಜಾರುತ್ತದೆ. ಆ ತೂತಿನಿಂದ ಮಳೆ ಹಂಚು ಹೊರುವ ಮರದ ಪಕ್ಕಾಸಿಗೆ ಇಳಿಯುತ್ತದೆ. ಪಕ್ಕಾಸು ಕುಂಬಾಗಿ ಮಾಡು (ಛಾವಣಿ) ಬಗ್ಗುತ್ತದೆ, ಬೀಳುತ್ತದೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಾಡು ಹೋದ ಮೇಲೆ ಮಣ್ಣಿನ ಗೋಡೆ ಕೆಲವೇ ಮಳೆಗಾಲದಲ್ಲಿ ಕರಗಿ ದಿಬ್ಬವಾಗುತ್ತದೆ. ಮುರಕಲ್ಲು ಮಾತ್ರ ನಿಲ್ಲುತ್ತದೆ. ಹಾಗಾಗಿ ದಿಬ್ಬದ ಅಂಚು ಮೆತ್ತಗೆ, ಕಲ್ಲಿನ ಅಂಚು ಚೂಪು. ಎರಡಕ್ಕೂ ಬೇರೆ ಬೇರೆ ಗೆರೆ ಬೇಕು. ಬಿದ್ದ ಹಂಚನ್ನು ತಿರುವಿ ನೋಡಿ. ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳ ಬಣ್ಣವೇ ಬದಲಾಯಿತು. ನಾನು ಆ ಅಚ್ಚನ್ನು ಪುಟದ ಅಂಚಿನಲ್ಲಿ ಬಿಡಿಸಿಕೊಳ್ಳುತ್ತೇನೆ.

ಸಣ್ಣ ಚೌಕಗಳು

ಬೆಂಕಿಪೆಟ್ಟಿಗೆ ಗಾತ್ರದ ನಾಲ್ಕು ಚೌಕ ಹಾಕಿ. ಒಂದೊಂದಕ್ಕೆ ಮೂರು ನಿಮಿಷ. ಕಣ್ಣು ಅರ್ಧ ಮುಚ್ಚಿ ನೋಡಿ, ಮೂರೇ ಹದ ಬಳಸಿ: ಕಪ್ಪು, ಬೂದು, ಕಾಗದದ ಬಿಳಿ. ಕಾಡಿನ ತೊಂದರೆ ಏನೆಂದರೆ ಎಲ್ಲವೂ ಬೂದು. ಹಾಗಾಗಿ ಬಿಳಿ ಎಲ್ಲಿ ಅಂತ ನೀವೇ ತೀರ್ಮಾನಿಸಬೇಕು. ಎಲೆಗಳ ನಡುವಿನ ಆಕಾಶದ ತೂತೋ, ಬಿಸಿಲು ಬಿದ್ದ ಅಂಗಳವೋ, ಗೋಡೆಯ ಅಂಚೋ. ಒಂದೇ ಆರಿಸಿ. ನನ್ನ ಕೆಟ್ಟ ಚಿತ್ರಗಳಲ್ಲೆಲ್ಲ ಮೂರೂ ಬಿಳಿಯಾಗಿವೆ.

ಇದ್ದಿಲಿನ ಚಿತ್ರ

ಇಡೀ ಕಾಗದಕ್ಕೆ ಇದ್ದಿಲು ಮಲಗಿಸಿ ತಿಕ್ಕಿ, ಬಟ್ಟೆಯಿಂದ ಒರೆಸಿ. ಈಗ ಕಾಗದ ಪೂರ್ತಿ ಬೂದು. ಇಲ್ಲಿಂದ ಕತ್ತಲನ್ನು ಇದ್ದಿಲಿನಿಂದ ಹಾಕಿ, ಬೆಳಕನ್ನು ರಬ್ಬರಿನಿಂದ ತೆಗೆಯಿರಿ. ರಬ್ಬರು ಸಿಗದ ಕಾಲದಲ್ಲಿ ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಬಳಸುತ್ತಿದ್ದರು. ಈಗಲೂ ಕೆಲಸಕ್ಕೆ ಬರುತ್ತದೆ.

ನೇರ ಗೆರೆಯನ್ನು ಎಳೆಯಬೇಡಿ. ಗೋಡೆಯ ಹಿಂದಿನ ಕತ್ತಲನ್ನು ಹಾಕುತ್ತಾ ಹೋಗಿ. ಕತ್ತಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೋಡೆ ತಾನಾಗಿ ಕಾಣುತ್ತದೆ. ಬಳ್ಳಿ ಗೋಡೆಯನ್ನು ದಾಟಿದ ಕಡೆ ಅಂಚನ್ನು ಒರೆಸಿ ಬಿಡಿ. ಎರಡು ಅಂಗುಲ ಅಂಚು, ಆಮೇಲೆ ಕಾಡು, ಮತ್ತೆ ಒಂದು ಅಂಗುಲ ಅಂಚು. ನೋಡುವವರ ಕಣ್ಣು ಉಳಿದದ್ದನ್ನು ಜೋಡಿಸಿಕೊಳ್ಳುತ್ತದೆ. ಸ್ಕೇಲು ಹಿಡಿದು ಎಳೆದರೆ ಗೋಡೆ ನಿನ್ನೆ ಕಟ್ಟಿದ ಹಾಗೆ ಕಾಣುತ್ತದೆ.

ಮರಗಳ ವಿಷಯಕ್ಕೆ ಬಂದರೆ, ಮರ ಯಾವುದು ಅಂತ ಎಲೆ ಇಲ್ಲದೆಯೂ ಗೊತ್ತಾಗಬೇಕು. ರಷ್ಯಾದ ಇವಾನ್ ಶಿಶ್ಕಿನ್ (1832–1898) ಜೀವನವಿಡೀ ಕಾಡು ಬಿಡಿಸಿದವನು. ಅವನ ಚಿತ್ರದಲ್ಲಿ ಪೈನ್ ಪೈನೇ, ಓಕ್ ಓಕೇ. ನಮ್ಮಲ್ಲಿ ಅಡಿಕೆಯ ಕಾಂಡಕ್ಕೆ ಉಂಗುರದ ಗುರುತುಗಳಿವೆ. ಕೆಳಗೆ ಬೂದು, ತುದಿಯ ಹತ್ತಿರ ಹಸಿರು. ಪಾಳು ತೋಟದಲ್ಲಿ ಅದು ಬೆಳಕಿಗಾಗಿ ಬಾಗಿರುತ್ತದೆ, ಆ ಬಾಗನ್ನು ಬಿಡಬೇಡಿ. ಹಾಲೆ ಮರದ ಕೊಂಬೆಗಳು ಛತ್ರಿಯ ಕಡ್ಡಿಗಳ ಹಾಗೆ ಒಂದೇ ಗಂಟಿನಿಂದ ಸುತ್ತಲೂ ಹೊರಡುತ್ತವೆ. ಎಲೆಗಳೂ ಹಾಗೆಯೇ. ಹಲಸಿನ ಕಾಂಡ ಕಪ್ಪಗೆ, ಗಂಟು ಗಂಟು. ಗೇರಿನದ್ದು ಆಗಲೇ ಹೇಳಿದೆ, ಮೊಣಕೈ. ಮರಕ್ಕೊಂದು ಪುಟ ಕೊಟ್ಟು, ಎಲೆ ಬಿಟ್ಟು ಬರೀ ಕಾಂಡ-ಕೊಂಬೆ ಬಿಡಿಸಿ ಅಭ್ಯಾಸ ಮಾಡಿ.

ದೂರದ ಮರ ಯಾವಾಗಲೂ ತಿಳಿ. ನಮ್ಮ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ ಇರುವುದರಿಂದ ನಲ್ವತ್ತು ಹೆಜ್ಜೆ ಆಚೆಯ ಕಾಂಡವೂ ಬೂದುನೀಲಿಯಾಗಿ ಕಾಣುತ್ತದೆ. ಇದೊಂದನ್ನು ಪಾಲಿಸಿದರೂ ಕಾಡಿಗೆ ಆಳ ಬರುತ್ತದೆ.

ಮುರಕಲ್ಲಿಗೆ ಬಣ್ಣ

ಮುರಕಲ್ಲು ಅಂದರೆ ಕೆಂಪು ಅಂತ ಎಲ್ಲರೂ ಕೆಂಪು ಹಚ್ಚುತ್ತಾರೆ. ಹೊಸದಾಗಿ ಕಡಿದ ಕಲ್ಲು ಮಾತ್ರ ಹಾಗಿರುತ್ತದೆ. ಈ ಕಲ್ಲು ನೆಲದೊಳಗೆ ಮೆದು, ಕಡಿದು ಗಾಳಿಗೆ ಇಟ್ಟ ಮೇಲೆ ಗಟ್ಟಿ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಕಡೆ ಇದನ್ನು ಕಂಡು 1807ರಲ್ಲಿ ಲ್ಯಾಟರೈಟ್ ಅಂತ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು. ಗೋಡೆಗೆ ವಯಸ್ಸಾದಂತೆ ಮೇಲ್ಮೈ ಪಾಚಿಯಿಂದ ಕಪ್ಪಾಗುತ್ತದೆ. ಕೆಂಪು ಉಳಿಯುವುದು ಇತ್ತೀಚೆಗೆ ಒಡೆದ ಕಡೆ. ಅಂದರೆ ಕೆಂಪು ಕಂಡಲ್ಲಿ ಹೊಸ ಗಾಯ ಇದೆ. ಗೋಡೆಯಲ್ಲಿ ಒಂದೇ ಒಂದು ಕಡೆ ಹಸಿ ಕೆಂಪು ಇಟ್ಟರೆ, ಕಲ್ಲು ಹೋದ ಮಳೆಗಾಲದಲ್ಲಿ ಬಿತ್ತು ಅಂತ ಚಿತ್ರವೇ ಹೇಳುತ್ತದೆ.

ಹಚ್ಚುವ ಕ್ರಮ ಹೀಗೆ. ಮೊದಲು ಇಡೀ ಗೋಡೆಗೆ ಯೆಲ್ಲೋ ಓಕರ್ ತೆಳ್ಳಗೆ. ಅದು ಪೂರ್ತಿ ಒಣಗಲಿ. ಮೇಲೆ ಬರ್ಂಟ್ ಸಿಯೆನ್ನಾಕ್ಕೆ ಚೂರು ಅಲ್ಟ್ರಾಮರೀನ್ ಸೇರಿಸಿದ ಬೂದುಗೆಂಪು. ಅದು ಅರ್ಧ ಹಸಿ ಇರುವಾಗ ಅಂಬರ್ ಮತ್ತು ಅಲ್ಟ್ರಾಮರೀನ್ ಸೇರಿಸಿದ ಕಪ್ಪನ್ನು ಮೇಲಿನ ಅಂಚಿನಿಂದ ಬಿಡಿ. ಮಳೆನೀರು ಇಳಿದ ಹಾದಿಯಲ್ಲೇ ಬಣ್ಣವೂ ಇಳಿಯುತ್ತದೆ. ಒಣಗಿದ ಮೇಲೆ ಕೆದರಿದ ಬ್ರಶ್ಶಿನಿಂದ ಕಲ್ಲಿನ ತೂತುಗಳು. ಎಲ್ಲ ಕಲ್ಲಿಗೂ ತೂತು ಬೇಡ, ಹತ್ತಿರದ ಐದಾರಕ್ಕೆ ಸಾಕು. ಇಂಡಿಯನ್ ರೆಡ್ ಕೊನೆಗೆ, ಆ ಗಾಯಕ್ಕೆ ಮಾತ್ರ.

ಬಣ್ಣವನ್ನು ಆ ಜಾಗದ ಮಣ್ಣಿನಿಂದಲೇ ಮಾಡಬಹುದು. ಒಂದು ಹಿಡಿ ಕೆಮ್ಮಣ್ಣನ್ನು ಲೋಟ ನೀರಿಗೆ ಹಾಕಿ ಕಲಕಿ. ಅರ್ಧ ನಿಮಿಷ ಬಿಟ್ಟರೆ ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಸುರಿಯಿರಿ. ಮೂರ್ನಾಲ್ಕು ಸಲ ಹೀಗೆ ಮಾಡಿ, ಒಂದು ದಿನ ಬಿಡಿ. ತಿಳಿನೀರು ಚೆಲ್ಲಿ, ಗಸಿಯನ್ನು ಒಣಗಿಸಿ ಅರೆಯಿರಿ. ಒಂದು ಪಾಲು ಗೋಂದನ್ನು ಎರಡು ಪಾಲು ಬಿಸಿನೀರಿನಲ್ಲಿ ಕರಗಿಸಿ, ಕೆಲವು ಹನಿ ಜೇನು, ಒಂದು ಹನಿ ಲವಂಗದ ಎಣ್ಣೆ ಸೇರಿಸಿ. ಈ ಅಂಟಿಗೆ ಅಷ್ಟೇ ಮಣ್ಣು ಹಾಕಿ ಗಾಜಿನ ಮೇಲೆ ಚೆನ್ನಾಗಿ ಅರೆದರೆ ಬಣ್ಣ ಸಿದ್ಧ. ಕಬ್ಬಿಣದ ಕೆಂಪು ಆದ್ದರಿಂದ ಬಿಸಿಲಿಗೆ ಮಾಸುವುದಿಲ್ಲ.

ಹಸಿರು

ಟ್ಯೂಬಿನ ಹಸಿರು ಎಲ್ಲ ಗಿಡವನ್ನೂ ಒಂದೇ ಗಿಡ ಮಾಡುತ್ತದೆ. ನಿಂಬೆ ಹಳದಿ ಮತ್ತು ಅಲ್ಟ್ರಾಮರೀನ್ ಸೇರಿಸಿದರೆ ಎಳೆ ಹಸಿರು. ಓಕರ್ ಮತ್ತು ಅಲ್ಟ್ರಾಮರೀನಿಗೆ ಹಲಸು, ಗೇರಿನಂಥ ಮಾಗಿದ ಹಸಿರು. ಯಾವುದಕ್ಕಾದರೂ ಚೂರು ಬರ್ಂಟ್ ಸಿಯೆನ್ನಾ ಹಾಕಿದರೆ ಅದು ಗೋಡೆಯ ಬಣ್ಣದ ಜೊತೆ ಹೊಂದಿಕೊಳ್ಳುತ್ತದೆ. ಬಿಸಿಲಿನ ಎಲೆ ಹಳದಿಯ ಕಡೆ, ನೆರಳಿನ ಎಲೆ ನೀಲಿಯ ಕಡೆ.

ಹೊತ್ತು ಮತ್ತು ಕಾಲ

ಡಿಸೆಂಬರಿನಿಂದ ಫೆಬ್ರವರಿವರೆಗೆ, ಬೆಳಿಗ್ಗೆ ಏಳರಿಂದ ಒಂಬತ್ತು. ಅಷ್ಟೇ. ಕಾಸರಗೋಡು ಭೂಮಧ್ಯರೇಖೆಯಿಂದ 12.5 ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ ಕೊನೆಯ ವಾರ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಗೋಡೆಗೆ ನೆರಳೇ ಇರುವುದಿಲ್ಲ, ಚಿತ್ರ ಚಪ್ಪಟೆಯಾಗುತ್ತದೆ.

ಮಳೆಗಾಲದಲ್ಲಿ ಜಗಲಿಯಿಂದ ಕಾಣುವುದನ್ನು ಬಿಡಿಸಿ. ಬಣ್ಣ ಒಣಗಲು ಗಂಟೆ ಹಿಡಿಯುತ್ತದೆ. ಒಣಗಿದೆ ಅಂತ ಮೇಲೆ ಹಚ್ಚಿದರೆ ಕೊಚ್ಚೆ. ಹಚ್ಚುವ ಮೊದಲು ಕೈಯ ಹಿಂಬದಿ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ ಇದೆ. ಮುಗಿದ ಚಿತ್ರಗಳನ್ನು ಗೋಡೆಗೆ ಒರಗಿಸಬೇಡಿ, ಬೂಸಲು ಬರುತ್ತದೆ. ಒಂದು ವರ್ಷದ ಕೆಲಸ ನನ್ನದು ಹಾಗೇ ಹೋಗಿದೆ. ಈಗ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಿಸಿಲು ಬಂದ ದಿನ ತೆರೆದು ಗಾಳಿಗೆ ಇಡುತ್ತೇನೆ.

ಮತ್ತೆ ಅದೇ ಜಾಗಕ್ಕೆ

ಹತ್ತು ಮನೆ ಹುಡುಕುವುದಕ್ಕಿಂತ ಒಂದೇ ಮನೆಗೆ ಹತ್ತು ಸಲ ಹೋಗಿ. ಫ್ರಾನ್ಸಿನ ಚಿತ್ರಕಾರ ಥಿಯೊಡೋರ್ ರೂಸೋ (1812–1867) ಮತ್ತು ಗೆಳೆಯರು ಫಾಂಟೇನ್‌ಬ್ಲೋ ಕಾಡಿನ ಓಕ್ ಮರಗಳಿಗೇ ಮತ್ತೆ ಮತ್ತೆ ಮರಳಿದರು. ಆ ಮರಗಳನ್ನು ಕಡಿಯಬೇಡಿ ಅಂತ ಸರಕಾರಕ್ಕೂ ಕೇಳಿಕೊಂಡರು. 1861ರಲ್ಲಿ ಆ ಕಾಡಿನ ಸಾವಿರಕ್ಕೂ ಮಿಕ್ಕಿದ ಹೆಕ್ಟೇರ್ ಜಾಗವನ್ನು ಕಲೆಯ ಸಲುವಾಗಿ ಮೀಸಲಿಡಲಾಯಿತು. ಕಾಸರಗೋಡಿನವರೇ ಆದ ಪಿ.ಎಸ್. ಪುಣಿಂಚತ್ತಾಯರು ಭೂದೃಶ್ಯಗಳಿಗೇ ಹೆಸರಾದ ಕಲಾವಿದರು. ಅವರ ಕೆಲಸ ನೋಡಲು ಸಿಕ್ಕಿದರೆ ಬಿಡಬೇಡಿ.

ಕೂತ ಜಾಗಕ್ಕೆ ಒಂದು ಗುರುತು ಮಾಡಿ. ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಊರು, ತಾರೀಕು, ಹೊತ್ತು, ಕಂಡ ಗಿಡಗಳ ಹೆಸರು ಬರೆಯಿರಿ. ಮುಂದಿನ ವರ್ಷ ಯಾವ ಕಲ್ಲು ಬಿತ್ತು ಅಂತ ಹೋಲಿಸಬಹುದು.

ಮತ್ತೆ, ಮನೆಯವರಿಗೆ ಒಂದು ಪ್ರತಿ ಕೊಡಿ. ಒಂದು ಮನೆಯ ಚಿತ್ರವನ್ನು ಆ ಮನೆಯಲ್ಲಿ ಹುಟ್ಟಿ ಬೆಳೆದ ಅಜ್ಜಿಗೆ ತೋರಿಸಿದ್ದೆ. ಅವರು ಗೋಡೆಯನ್ನು ಜಾಸ್ತಿ ನೋಡಲಿಲ್ಲ. ಎಡಗಡೆ ನಾನು ಕಡು ಹಸಿರಿನಲ್ಲಿ ಬಿಡಿಸಿದ್ದ ಒಂದು ದಟ್ಟ ಪೊದೆಯ ಮೇಲೆ ಬೆರಳಿಟ್ಟರು. "ಇಲ್ಲಿ ದನದ ಹಟ್ಟಿ ಇತ್ತು" ಅಂದರು. ಅಲ್ಲಿ ಮಾತ್ರ ಗಿಡ ಯಾಕೆ ಅಷ್ಟು ಸೊಕ್ಕಿ ಬೆಳೆದಿದೆ ಅಂತ ನನಗೆ ಹೊಳೆದಿರಲಿಲ್ಲ. ಎಷ್ಟೋ ವರ್ಷದ ಗೊಬ್ಬರ ಆ ನೆಲದಲ್ಲಿತ್ತು. ಮರುವಾರ ಹೋಗಿ ಪೊದೆಯನ್ನು ಕೋಲಿನಿಂದ ಸರಿಸಿ ನೋಡಿದೆ. ಕೆಳಗೆ ಹಾಸುಗಲ್ಲಿನ ಸಾಲು, ನೇರವಾಗಿ, ಹಾಗೇ ಇತ್ತು.